ಮೂರು ಸಲ ಬೇಡ, ಒಂದು ಫರ್ನೇಸು

ನಮ್ಮ ಸ್ಕೊಗ್ಲಿ ಊರಿನಲ್ಲಿ ‘ಬೇಡ’ ಎಂಬ ಮಾತಿಗೆ ಬೇಡ ಎಂಬ ಅರ್ಥವಿಲ್ಲ. ಕಾಫಿ ಬೇಕಾ ಎಂದು ಯಾರಾದರೂ ಕೇಳಿದರೆ ಮೊದಲ ಸಲ ಬೇಡ ಎನ್ನಬೇಕು, ಅದು ಮರ್ಯಾದೆ. ಎರಡನೆಯ ಸಲ ಕೇಳಿದಾಗಲೂ ಬೇಡ ಎನ್ನಬೇಕು, ಅದು ಸಂಸ್ಕಾರ. ಮೂರನೆಯ ಸಲ ಕೇಳಿದಾಗ ‘ನಿಮಗೆ ತೊಂದರೆ ಇಲ್ಲ ಅಂದ್ರೆ ಒಂದರ್ಧ ಲೋಟ’ ಎಂದು ಹೇಳಿ ಮೂರು ಲೋಟ ಕುಡಿಯಬೇಕು. ಎರಡು ಸಲ ಮಾತ್ರ ಕೇಳಿ ಸುಮ್ಮನಾಗುವವರು ಕಲ್ಲೆದೆಯವರು. ಮೊದಲ ಸಲಕ್ಕೇ ಹೂಂ ಎನ್ನುವವರು ಬೇರೆ ರಾಜ್ಯದವರು.

ಹಾಗಾದರೆ ನಿಜವಾಗಿಯೂ ಬೇಡವಾಗಿದ್ದರೆ ಏನು ಮಾಡುವುದು? ಅದಕ್ಕೆ ‘ಒಂಥರಾ ಇದೆ’ ಎಂಬ ಮಾತಿದೆ. ಇದನ್ನು ನಮ್ಮವರು ತೀರಾ ಗತಿಯಿಲ್ಲದಾಗ ಮಾತ್ರ ಬಳಸುತ್ತಾರೆ. ಎದುರುಮನೆಯ ಆರ್ಡಿಸಮ್ಮ ಒಮ್ಮೆ ಚರ್ಚಿನ ಊಟಕ್ಕೆ ಬೀಟ್‌ರೂಟ್ ಹಾಕಿದ ಜೆಲ್ಲಿ ಮಾಡಿಕೊಂಡು ಬಂದಿದ್ದರು. ಯಾರೋ ಒಂದು ಚಮಚ ಬಾಯಿಗಿಟ್ಟು ‘ಒಂಥರಾ ಇದೆಯಲ್ಲ’ ಎಂದರು. ಆರ್ಡಿಸಮ್ಮ ಮುಂದಿನ ಹದಿನಾಲ್ಕು ತಿಂಗಳು ಪಕ್ಕದೂರಿನ ಚರ್ಚಿಗೆ ಹೋದರು. ಇದಕ್ಕೆ ತದ್ವಿರುದ್ಧವಾದದ್ದು ‘ಪರವಾಗಿಲ್ಲ’. ಇದಕ್ಕಿಂತ ದೊಡ್ಡ ಹೊಗಳಿಕೆ ನಮ್ಮಲ್ಲಿಲ್ಲ. ಅಮ್ಮನನ್ನು ಮದುವೆಯಾಗಬೇಕೆಂದು ತೀರ್ಮಾನಿಸಿದ ದಿನ ಅಪ್ಪ ಮನೆಗೆ ಬಂದು ‘ಮಾರ್ಲಿಸ್ ಪರವಾಗಿಲ್ಲ’ ಎಂದರಂತೆ. ಮಗ ಇಷ್ಟೊಂದು ಪ್ರೇಮದಲ್ಲಿ ಮುಳುಗಿದ್ದಾನೆಂದು ಕೇಳಿ ಅಜ್ಜ ಗಾಬರಿಯಾಗಿ ಕುರ್ಚಿಯಲ್ಲಿ ಕುಳಿತುಬಿಟ್ಟರಂತೆ.

ಇಂಥ ಊರಿನಲ್ಲೂ ಅತ್ಯಂತ ಸಂಭಾವಿತರೆಂದು ಹೆಸರಾದವರು ನಮ್ಮಪ್ಪ ಆರ್ಲಿನ್ ಟ್ವೈಟ್. ಇಪ್ಪತ್ತೆರಡು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದಾರೆ. ನಾಲ್ಕು ರಸ್ತೆ ಕೂಡುವಲ್ಲಿ ಬಸ್ಸು ನಿಲ್ಲಿಸಿ, ಎದುರಿನವರಿಗೆ ‘ನೀವು ಮೊದಲು’ ಎಂದು ಕೈ ಮಾಡುತ್ತಾರೆ. ಅವರು ‘ಇಲ್ಲ, ನೀವು’ ಎಂದು ಕೈ ಮಾಡುತ್ತಾರೆ. ಇದರಿಂದಾಗಿ ಸ್ಕೊಗ್ಲಿ ಶಾಲೆಯ ಮೊದಲ ಪಾಠಕ್ಕೆ ಮಕ್ಕಳು ಯಾವತ್ತೂ ಪೂರ್ತಿ ಇರುವುದಿಲ್ಲ; ಗಣಿತದಲ್ಲಿ ಊರಿಗೆ ಊರೇ ಹಿಂದುಳಿದಿರುವುದಕ್ಕೆ ಅದೇ ಕಾರಣವೆಂದು ಹೆಡ್‌ಮಾಸ್ಟರರ ಅಭಿಪ್ರಾಯ.

ಊರಿನ ಈ ನಿಯಮಕ್ಕೆ ಹೊರತಾದವರು ಒಬ್ಬರೇ: ಅಮ್ಮನ ಅಣ್ಣ ವರ್ಲಿನ್ ಮಾವ. ಟ್ರ್ಯಾಕ್ಟರ್ ಮಾರುವ ಅಂಗಡಿ ಅವರದು. ಅವರು ಯಾರನ್ನೂ ಏನನ್ನೂ ಕೇಳುವುದಿಲ್ಲ; ಹೀಗಾಗಿ ಬೇಡ ಎನ್ನುವ ಅವಕಾಶ ಯಾರಿಗೂ ಸಿಕ್ಕಿಲ್ಲ. ನಮ್ಮ ಮನೆಯ ಕಾರು ಅವರು ಆರಿಸಿದ್ದು. ಸೋಫಾ ಅವರು ಆರಿಸಿದ್ದು. ಅಪ್ಪನ ಕನ್ನಡಕದ ಚೌಕಟ್ಟು ಅವರು ಆರಿಸಿದ್ದು. ನಾಯಿಯನ್ನೂ ಅವರೇ ಆರಿಸಿದ್ದು. ಅದು ಅಪ್ಪನನ್ನು ಕಂಡರೆ ಮಾತ್ರ ಬೊಗಳುತ್ತದೆ.

ನವೆಂಬರ್ ತಿಂಗಳ ಒಂದು ಸೋಮವಾರ ಗ್ಯಾಸ್ ಇಲಾಖೆಯ ತಪಾಸಣೆಯವರು ಬಂದು ನೆಲಮಾಳಿಗೆಗೆ ಇಳಿದರು. ಅಲ್ಲಿ ನಮ್ಮ ಫರ್ನೇಸು ಇತ್ತು. ಗ್ಯಾಸಿನಿಂದ ಗಾಳಿ ಕಾಯಿಸಿ ಕೊಳವೆಗಳ ಮೂಲಕ ಮನೆಗೆಲ್ಲ ಊದುವ ಯಂತ್ರ. ನನಗಿಂತ ಹಿರಿಯದು, ಅಪ್ಪನಿಗಿಂತ ಮುಂಚೆ ಈ ಮನೆಗೆ ಬಂದದ್ದು. ನಾನು ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತಿದ್ದೆ. ಓದು ಮುಗಿದಿತ್ತು, ಕೆಲಸ ಇನ್ನೂ ಸಿಕ್ಕಿರಲಿಲ್ಲ, ಆ ವಾರವೆಲ್ಲ ಮೆಟ್ಟಿಲೇ ನನ್ನ ಜಾಗ.

ತಪಾಸಣೆಯವರು ಮೂಗಿನಂಥ ಒಂದು ಉಪಕರಣವನ್ನು ಯಂತ್ರದೊಳಗೆ ತೂರಿಸಿ, ಹೊರಗೆಳೆದು, ಅದರ ಅಂಕಿ ನೋಡಿದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಹೇಗಿದೆ?” ಎಂದರು ಅಪ್ಪ.

“ಒಂಥರಾ ಇದೆ.”

ಅಪ್ಪನ ಮುಖ ಸುಣ್ಣ ಬಳಿದಂತಾಯಿತು.

“ಒಳಗಡೆ ಒಂದು ಸಣ್ಣ ಬಿರುಕು ಬಿಟ್ಟಿದೆ ಆರ್ಲಿನ್. ಹೊಗೆ ಮನೆಯೊಳಗೇ ಬರ್ತಿದೆ. ಹೀಗೇ ಉರಿಸ್ತಾ ಹೋದ್ರೆ ಒಂದಿನ ಬೆಳಿಗ್ಗೆ ನೀವು ಏಳೋದು ಸ್ವಲ್ಪ ತಡ ಆಗಬಹುದು.”

“ಎಷ್ಟು ತಡ?”

ಅವರು ಟೋಪಿಯನ್ನು ಒಂದು ಸುತ್ತು ತಿರುಗಿಸಿದರು. “ಏಳ್ದೇನೂ ಇರಬಹುದು.”

ಇಷ್ಟು ಹೇಳಿ ಗ್ಯಾಸ್ ನಿಲ್ಲಿಸಿ, ಯಂತ್ರದ ಕೊರಳಿಗೆ ಒಂದು ಕೆಂಪು ಚೀಟಿ ಕಟ್ಟಿ, ಅಮ್ಮ ಮೂರು ಸಲ ಕೇಳಿದ ಮೇಲೆ ಕಾಫಿ ಕುಡಿದು ಹೋದರು.

ಅವರ ವ್ಯಾನು ತಿರುವು ದಾಟುವ ಮೊದಲೇ ವರ್ಲಿನ್ ಮಾವನ ಟ್ರಕ್ಕು ಬಂದು ನಿಂತಿತು. ಆರ್ಡಿಸಮ್ಮನ ಕಿಟಕಿಯ ಪರದೆ ಅಲ್ಲಾಡಿದ್ದನ್ನು ನೋಡಿದ್ದ ನನಗೆ ಸುದ್ದಿ ಹೇಗೆ ತಲುಪಿತೆಂದು ಆಶ್ಚರ್ಯವಾಗಲಿಲ್ಲ. ಮಾವ ಬೂಟು ಕಳಚದೆಯೇ ಒಳಗೆ ಬಂದರು.

“ಸತ್ತುಹೋಯ್ತಂತಲ್ಲಯ್ಯಾ ನಿನ್ನ ಫರ್ನೇಸು! ಅದು ನೂರಿಪ್ಪತ್ತು ಸಾವಿರದ್ದು ಅಲ್ವಾ? ಈ ಸಲ ನೂರನಲವತ್ತು ಹಾಕ್ಸು. ನಮ್ಮನೇಲಿ ಇದೆಯಲ್ಲ, ಅದೇ.”

ಈ ಸಾವಿರಗಳು ಡಾಲರಲ್ಲ. ಯಂತ್ರ ಒಂದು ಗಂಟೆಗೆ ಎಷ್ಟು ಶಾಖ ಕೊಡುತ್ತದೆಂಬ ಲೆಕ್ಕ. ನಮ್ಮೂರಿನ ಗಂಡಸರು ಬೇರೆ ಯಾವುದರ ಬಗ್ಗೆಯೂ ಜಂಬ ಕೊಚ್ಚುವುದಿಲ್ಲ, ಈ ಅಂಕಿಯ ವಿಷಯ ಬಂದಾಗ ಮಾತ್ರ ಸಂಯಮ ಕಳೆದುಕೊಳ್ಳುತ್ತಾರೆ. ಮಾವನ ಮನೆಯ ಯಂತ್ರ ಊರಿಗೇ ದೊಡ್ಡದು. ಅದು ಶುರುವಾದರೆ ದೀಪ ಮಂಕಾಗುತ್ತದೆ, ಪರದೆಗಳು ಅಡ್ಡಡ್ಡ ಹಾರುತ್ತವೆ, ಮೇಜಿನ ಮೇಲಿನ ಕಾಗದದ ಕರವಸ್ತ್ರಗಳು ಪಕ್ಕದ ಕೋಣೆಗೆ ವಲಸೆ ಹೋಗುತ್ತವೆ. ಐದು ನಿಮಿಷ ಎಲ್ಲರೂ ಬೆವರುತ್ತಾರೆ. ಅದು ನಿಲ್ಲುತ್ತದೆ. ಹತ್ತು ನಿಮಿಷದಲ್ಲಿ ಎಲ್ಲರೂ ನಡುಗುತ್ತಾರೆ. ಅತ್ತೆ ಸ್ವೆಟರನ್ನು ದಿನಕ್ಕೆ ನಲವತ್ತು ಸಲ ಹಾಕಿ ತೆಗೆಯುತ್ತಾರೆ.

“ನಾನೇ ನಾಳೆ ಹೇಳಿ ಹಾಕಿಸ್ತೀನಿ,” ಎಂದರು ಮಾವ. “ಅಲ್ಲೀವರೆಗೂ ಎಲ್ಲರೂ ನಮ್ಮನೆಗೆ ಬನ್ನಿ. ಸಿಗ್ನೆ, ನಿನ್ನ ಬಟ್ಟೆ ತುಂಬ್ಕೊಳಮ್ಮ.”

ಸಿಗ್ನೆ ಎಂದರೆ ನಾನು. ನಾನು ಒಂದು ಮೆಟ್ಟಿಲು ಕೆಳಗಿಳಿದೆ.

ಆಗ ಅಮ್ಮ ಕೈಯೊರೆಸಿಕೊಳ್ಳುತ್ತಾ ಬಂದಳು. “ಅಣ್ಣಾ, ಶುಕ್ರವಾರದ ತನಕ ಕರೆಂಟಿನ ಹೀಟರಲ್ಲಿ ಹೇಗೋ ನಡಿಯುತ್ತೆ. ಶನಿವಾರದಿಂದ ತಾನೇ ಭಾರಿ ಚಳಿ ಅಂತ ರೇಡಿಯೋದಲ್ಲಿ ಹೇಳ್ತಿರೋದು?” ಎಂದು ಹೇಳಿ ಅಪ್ಪನ ಕಡೆ ತಿರುಗಿದಳು. “ರೀ, ಇದನ್ನ ನೀವೇ ಆರಿಸ್ಬೇಕು. ನಮ್ಮ ಮನೇಲಿ ನೀವು ಆರಿಸಿರೋ ವಸ್ತು ಒಂದಾದ್ರೂ ಇದೆಯಾ ಹೇಳಿ?”

ಅಪ್ಪ ಸುತ್ತಲೂ ನೋಡಿದರು. ಬಹಳ ಹೊತ್ತು ನೋಡಿದರು. “ನೀನು?” ಎಂದರು.

“ನಿಮ್ಮನ್ನ ಆರಿಸಿದ್ದು ನಾನು,” ಎಂದಳು ಅಮ್ಮ. “ಶುಕ್ರವಾರ ಸಂಜೆಯೊಳಗೆ ನೀವು ಆರಿಸಿದ್ದು ನೆಲಮಾಳಿಗೇಲಿ ಉರೀತಾ ಇರ್ಬೇಕು. ಇಲ್ಲದಿದ್ರೆ ಅಣ್ಣ ಹೇಳಿದ್ದೇ ಆಗ್ಲಿ. ಆಮೇಲೆ ಈ ಮನೇಲಿ ನಿಮ್ಮ ಆಯ್ಕೆ ಅನ್ನೋ ಮಾತನ್ನ ನಾನಿನ್ನು ಎತ್ತಲ್ಲ.”

ಅಮ್ಮನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅಪ್ಪ ಹೆದರಿದರು. ಮಾವ ಮಾತ್ರ ನಕ್ಕು, “ಇವನು ಆರಿಸೋದು! ಆಯ್ತು, ಶುಕ್ರವಾರ ಬರ್ತೀನಿ,” ಎಂದು ಹೊರಟರು.

ಮಂಗಳವಾರ ಬೆಳಿಗ್ಗೆ ಅಪ್ಪ ಮಕ್ಕಳನ್ನು ಶಾಲೆಗಿಳಿಸಿ ಬರುವಷ್ಟರಲ್ಲಿ, ಅಮ್ಮ ಫೋನ್ ಮಾಡಿ ಕರೆಸಿದ್ದ, ಹತ್ತಿರದ ಪಟ್ಟಣ ಫಾರ್ಗೋದ ಒಂದು ದೊಡ್ಡ ಕಂಪನಿಯ ಮಾರಾಟಗಾರ ಬಾಗಿಲಲ್ಲಿದ್ದ. ವಿನ್ಸ್ ಕಪೂಟೊ ಎಂದು ಹೆಸರು. ದೂರದ ನ್ಯೂಜೆರ್ಸಿ ರಾಜ್ಯದಿಂದ ಬಂದು ಎಂಟು ತಿಂಗಳಾಗಿತ್ತಂತೆ. ಅಮ್ಮ ಕಾಫಿ ಬೇಕಾ ಎಂದಳು. “ಕೊಡಿ ಮೇಡಂ, ಹಾಲು, ಎರಡು ಚಮಚ ಸಕ್ಕರೆ,” ಎಂದುಬಿಟ್ಟ. ಅಮ್ಮ ಎರಡನೆಯ ಸಲ ಕೇಳಲು ತೆರೆದಿದ್ದ ಬಾಯಿಯನ್ನು ಹಾಗೇ ಮುಚ್ಚಿಕೊಂಡು ಒಳಗೆ ಹೋದಳು.

ವಿನ್ಸ್ ನೆಲಮಾಳಿಗೆಗೆ ಇಳಿಯಲೇ ಇಲ್ಲ. ಸೋಫಾದ ಮೇಲೆ ಕೂತು ಚಿತ್ರಗಳನ್ನು ತೋರಿಸಿದ. ಅವನ ಕಂಪನಿಯಲ್ಲಿ ಮೂರು ಬಗೆ ಇದ್ದವು: ಸಾಮಂತ, ರಾಜ, ಚಕ್ರವರ್ತಿ.

“ಸಾಮಂತ ನೋಡಿ ಸರ್! ಎಂಬತ್ತು ಸಾವಿರ! ನೀವು ಬಸ್ಸಲ್ಲಿದ್ರೂ ಫೋನಲ್ಲೇ ಮನೆ ಬಿಸಿ ಮಾಡಬಹುದು. ಅದೇ ನಿಮ್ಮ ಜೊತೆ ಮಾತಾಡುತ್ತೆ!”

“ಮಾತಾಡುತ್ತಾ?” ಎಂದರು ಅಪ್ಪ. ಅವರ ಮುಖದಲ್ಲಿ ಭೀತಿ ಕಂಡಿತು. ಅಪ್ಪನಿಗೆ ಮನುಷ್ಯರೊಂದಿಗೆ ಮಾತಾಡುವುದೇ ಕಷ್ಟ. “ಇದು... ಒಂಥರಾ ಇದೆ.”

ಒಳಗಿದ್ದ ಅಮ್ಮನ ಕೈಯಿಂದ ಚಮಚ ಬಿತ್ತು. ಅಪ್ಪ ಇಷ್ಟು ಕಠೋರವಾಗಿ ಮಾತಾಡಿದ್ದನ್ನು ನಾನಂತೂ ಕೇಳಿರಲಿಲ್ಲ.

“ಅದೇ ನಾನೂ ಹೇಳೋದು!” ವಿನ್ಸ್ ಅಪ್ಪನ ಬೆನ್ನು ತಟ್ಟಿದ. “ಒಂಥರಾ ಬೇರೇನೇ! ಶುಕ್ರವಾರ ಬೆಳಿಗ್ಗೆ ಹಾಕಿಕೊಡ್ಲಾ?”

“ನೋಡೋಣ.”

“ನೋಡೋಣ! ಶುಕ್ರವಾರ ನೋಡೋಣ!” ಎಂದು ಫೋನಿನಲ್ಲಿ ಏನನ್ನೋ ಒತ್ತಿ, ಕೈ ಕುಲುಕಿ, ಕಾಫಿ ಮುಗಿಸಿ ಹೋದ. ಅಪ್ಪ ಬಾಗಿಲು ಮುಚ್ಚಿ ಬಂದು, “ಸ್ವಲ್ಪ ಒರಟಾಗಿ ಮಾತಾಡಿಬಿಟ್ನೇನೋ. ಪಾಪ, ನೊಂದ್ಕೊಂಡಿರ್ತಾನೆ,” ಎಂದರು.

ಮಧ್ಯಾಹ್ನ ಬಂದವಳು ನಮ್ಮೂರಿನ ಬೆರಿಟ್ ಲೊಕೆನ್. ಅವಳ ತಂದೆಯ ಹೀಟಿಂಗ್ ಅಂಗಡಿಯನ್ನು ಈಗ ಅವಳೇ ನಡೆಸುತ್ತಿದ್ದಾಳೆ. ಬೂಟು ಬಾಗಿಲಲ್ಲೇ ಕಳಚಿ, ಉಣ್ಣೆಯ ಕಾಲುಚೀಲದಲ್ಲಿ ಸದ್ದಿಲ್ಲದೆ ಮನೆಯೆಲ್ಲ ಓಡಾಡಿದಳು. ಹತ್ತೊಂಬತ್ತು ಕಿಟಕಿಗಳನ್ನು ಎಣಿಸಿದಳು. ಗೋಡೆಗಳ ಅಳತೆ ಹಿಡಿದಳು. ಅಟ್ಟ ಹತ್ತಿ ಅಲ್ಲಿ ಚಳಿ ತಡೆಯಲು ಹಾಸಿದ್ದ ಹತ್ತಿಯಂಥ ಹೊದಿಕೆ ಎಷ್ಟು ದಪ್ಪವಿದೆಯೆಂದು ಕೈಯಿಟ್ಟು ನೋಡಿದಳು. ಕೊನೆಗೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಕೇಳಿದಳು:

“ಆರ್ಲಿನಣ್ಣ, ಈ ಮನೇಲಿ ಯಾವತ್ತೂ ಬೆಚ್ಚಗಾಗದ ಕೋಣೆ ಯಾವುದು?”

ಮನೆಯ ವಿಷಯದಲ್ಲಿ ಅಪ್ಪನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಬಹುಶಃ ಅದೇ ಮೊದಲು. ಅವರು ಮೊದಲು ಹಿಂದೆ ತಿರುಗಿ ಬೇರೆ ಯಾರಾದರೂ ಇದ್ದಾರೆಯೇ ನೋಡಿದರು. ಆಮೇಲೆ ಕಟ್ಟೆಯೊಡೆದಂತೆ ಹೇಳತೊಡಗಿದರು. ಮೂಲೆಯ ಕೋಣೆಯಲ್ಲಿ ಲೋಟದ ನೀರು ಹೆಪ್ಪುಗಟ್ಟಿದ್ದು, ಮುಂದಿನ ಕೋಣೆಯಲ್ಲಿ ಅದೇ ಹೊತ್ತಿಗೆ ಮೇಣದಬತ್ತಿ ಕರಗಿ ಬಾಗಿದ್ದು, ಯಂತ್ರ ರಾತ್ರಿಯಿಡೀ ಕೆಮ್ಮುವುದು, ಎಲ್ಲ. ಅವಳು ಎಲ್ಲವನ್ನೂ ಬರೆದುಕೊಂಡು, ಕೂಡಿ ಕಳೆದು ಹೇಳಿದಳು:

“ಅರವತ್ತು ಸಾವಿರ ಸಾಕು.”

“ಈಗಿರೋದು ನೂರಿಪ್ಪತ್ತು.”

“ಅದೇ ತೊಂದರೆ. ಅದು ಜೋರಾಗಿ ಹತ್ಕೊಳ್ಳುತ್ತೆ, ಮುಂದಿನ ಕೋಣೆ ಕಾದ ತಕ್ಷಣ ಕೆಲಸ ಮುಗೀತು ಅಂತ ಮಲಗುತ್ತೆ. ಮೂಲೆ ಕೋಣೆಗೆ ಗಾಳಿ ಹೋಗಿ ಮುಟ್ಟೋಷ್ಟು ಹೊತ್ತೇ ಓಡಲ್ಲ. ಚಿಕ್ಕದಾದ್ರೆ ನಿಧಾನಕ್ಕೆ, ಬಿಡದೆ ಓಡುತ್ತೆ. ಎಲ್ಲಾ ಕಡೆನೂ ಒಂದೇ ಸಮ ಇರುತ್ತೆ. ಇಷ್ಟು ವರ್ಷ ಅದು ನಿಮ್ಮ ಮನೇನ ಬೆಚ್ಚಗೆ ಮಾಡ್ತಿರ್ಲಿಲ್ಲ, ಆರ್ಲಿನಣ್ಣ. ಹೆದರಿಸ್ತಿತ್ತು.”

ಅಪ್ಪ ಆ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ನೋಡಿದರು. “ಪರವಾಗಿಲ್ಲ,” ಎಂದರು. ಅವಳ ಕಿವಿ ಕೆಂಪಾಯಿತು.

“ಹಾಗಾದ್ರೆ ಶುಕ್ರವಾರ ಹಾಕಿಕೊಡ್ಲಾ?”

“ಅಯ್ಯೋ, ಬೇಡ ಬಿಡಮ್ಮ. ನಿನಗೆ ಎಷ್ಟು ಕೆಲಸ ಇರುತ್ತೋ.”

“ಕೆಲಸ ಏನಿಲ್ಲ. ಹಾಕಿಕೊಡ್ತೀನಿ?”

“ಛೆ ಛೆ, ಬೇಡ. ನಮಗೋಸ್ಕರ ಯಾಕೆ ಸುಮ್ನೆ...”

ಬೆರಿಟ್ ಮೂರನೆಯ ಸಲಕ್ಕೆ ಉಸಿರೆಳೆದುಕೊಂಡಳು. ಅಪ್ಪ ಹೂಂ ಎನ್ನಲು ಗಂಟಲು ಸರಿಮಾಡಿಕೊಂಡರು. ಸರಿಯಾಗಿ ಆಗ ಅವಳ ಫೋನು ಬಡಿದುಕೊಂಡಿತು. ಆಸ್ಪತ್ರೆಯಲ್ಲಿ ಬಿಸಿಗಾಳಿ ನಿಂತುಹೋಗಿತ್ತಂತೆ. “ಕ್ಷಮಿಸಿ,” ಎಂದು ಬೂಟಿನ ದಾರವನ್ನೂ ಕಟ್ಟದೆ ಓಡಿದಳು.

ಅಮ್ಮ ಬಂದು ಕೇಳಿದಳು. “ಏನಾಯ್ತು? ಕೇಳಿದ್ಲಾ?”

“ಕೇಳಿದ್ಲು.”

“ಎಷ್ಟು ಸಲ?”

“ಎರಡು.”

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. “ಫೋನ್ ಮಾಡಿ ಬೇಕು ಅಂತ ಹೇಳಿಬಿಡಿ.”

“ನಾನಾಗೇನಾ?” ಅಪ್ಪ ಅವಳನ್ನು ಗುರುತೇ ಸಿಗದವರಂತೆ ನೋಡಿದರು. “ಅವಳು ಕೇಳದೇನೇ? ಏನಂದ್ಕೊಳ್ಳಲ್ಲ ಅವಳು?”

ಬುಧವಾರ ಬೆಳಿಗ್ಗೆ ವಿನ್ಸ್‌ನ ಸಂದೇಶ ಬಂತು: ‘ಶುಕ್ರವಾರ ಎಂಟಕ್ಕೆ ಸಾಮಂತನನ್ನು ತರುತ್ತೇವೆ. ಅಭಿನಂದನೆ!’ ಅಪ್ಪ ಅದನ್ನು ಏಳು ಸಲ ಓದಿ, ಕನ್ನಡಕ ಒರೆಸಿ, ಎಂಟನೆಯ ಸಲ ಓದಿ, ಫೋನ್ ಮಾಡಿದರು.

“ವಿನ್ಸ್ ಅವರೇ, ಅದು... ನಮ್ಮಂಥೋರಿಗೆ ಅದು ಜಾಸ್ತಿ ಆಯ್ತೇನೋ ಅಂತ.”

“ಹಾಗೆ ಹೇಳ್ಕೋಬೇಡಿ ಸರ್! ನೀವು ಯಾರಿಗೇನು ಕಡಿಮೆ? ಇಪ್ಪತ್ತೆರಡು ವರ್ಷ ಊರ ಮಕ್ಕಳನ್ನ ಹೊತ್ತಿದೀರ. ನಿಮಗೆ ರಾಜಾನೇ ಕಳಿಸ್ತೀನಿ. ನೂರು ಸಾವಿರ!”

ಅಪ್ಪ ಫೋನಿಟ್ಟು ಗೋಡೆ ನೋಡುತ್ತಾ ನಿಂತರು. ಮಧ್ಯಾಹ್ನ ಧೈರ್ಯ ತಂದುಕೊಂಡು ಮತ್ತೆ ಮಾಡಿದರು.

“ರಾಜ ಬೇಕೇ ಬೇಕು ಅಂತೇನೂ ಇಲ್ಲ, ವಿನ್ಸ್ ಅವರೇ.”

“ಅರ್ಥ ಆಯ್ತು ಸರ್, ಅರ್ಥ ಆಯ್ತು. ನೀವು ಬಾಯಿಬಿಟ್ಟು ಕೇಳೋರಲ್ಲ. ಚಕ್ರವರ್ತಿ! ನೂರಿಪ್ಪತ್ತು!”

ಸಂಜೆ ಮೂರನೆಯ ಕರೆಯಲ್ಲಿ ಅಪ್ಪ, “ಗಾಳಿ ಸ್ವಲ್ಪ ಒಣಗಿದ ಹಾಗಿರುತ್ತೇನೋ,” ಎಂದು ಚಕ್ರವರ್ತಿಯಲ್ಲಿ ಒಂದು ಕೊರತೆ ಹುಡುಕಿ ತಪ್ಪಿಸಿಕೊಳ್ಳಲು ನೋಡಿದರು. ಅದಕ್ಕೆ ಗಾಳಿಗೆ ತೇವ ಕೊಡುವ ಪೆಟ್ಟಿಗೆಯೊಂದು ಸೇರಿಕೊಂಡಿತು. ನಾಲ್ಕನೆಯ ಕರೆ ಮಾಡದಂತೆ ಅಮ್ಮ ಫೋನನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟಳು.

ಇತ್ತ ಅಪ್ಪ ಬೆರಿಟ್‌ಳಿಂದ ಮೂರನೆಯ ಪ್ರಶ್ನೆಯನ್ನು ಹೊರಡಿಸಲು ಬಸ್ಸಿನ ಪ್ರತಿ ಸರದಿ ಮುಗಿದ ಮೇಲೆ ಅವಳ ಅಂಗಡಿಗೆ ಹೋಗತೊಡಗಿದರು. ಆದರೆ ಎರಡು ಸಲ ಬೇಡವೆಂದವರನ್ನು, ನಡುವೆ ಮಾತು ಕಡಿದುಹೋದ ಮೇಲೆ, ಮತ್ತೆ ಕೇಳುವುದು ಮೈಮೇಲೆ ಬಿದ್ದಂತಾಗುತ್ತದೆಂದು ಬೆರಿಟ್‌ಳ ಸಂಕೋಚ. ಒಮ್ಮೆ ನಾನೂ ಜೊತೆಗಿದ್ದೆ.

“ಚಳಿ ಇದೆ ಅಲ್ವಾ,” ಎಂದರು ಅಪ್ಪ.

“ಹೂಂ. ಆದ್ರೆ ಒಣ ಚಳಿ,” ಎಂದಳು ಬೆರಿಟ್.

“ಮನೇಲೂ ಚಳೀನೇ.”

“ಇರುತ್ತೆ, ಇರುತ್ತೆ.”

ಇಬ್ಬರೂ ನೆಲ ನೋಡಿದರು. ಗಡಿಯಾರ ಮೂರು ನಿಮಿಷ ಓಡಿತು.

“ಒಂದು ಫಿಲ್ಟರ್ ಕೊಡಮ್ಮ,” ಎಂದರು ಅಪ್ಪ ಕೊನೆಗೆ.

ಹೀಗೆ ಗುರುವಾರ ಸಂಜೆಯ ಹೊತ್ತಿಗೆ ಸತ್ತ ಫರ್ನೇಸಿಗೆ ಗಾಳಿ ಸೋಸುವ ಹನ್ನೊಂದು ಹೊಸ ಫಿಲ್ಟರುಗಳು ನಮ್ಮ ಮನೆ ಸೇರಿದ್ದವು. ಫರ್ನೇಸು ಇಲ್ಲದ ಮನೆಗೆ ಇಷ್ಟೊಂದು ಫಿಲ್ಟರು ಹೊತ್ತೊಯ್ಯುವುದನ್ನು ಕಿಟಕಿಯಿಂದ ಕಂಡ ಆರ್ಡಿಸಮ್ಮ, ದುಃಖದಿಂದ ಆರ್ಲಿನ್‌ಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿದರು. ನಮ್ಮಲ್ಲಿ ಯಾವುದೇ ಆಪತ್ತಿಗೂ ಪರಿಹಾರ ಒಂದೇ: ಮಾಂಸ, ಸೂಪು ಬೆರೆಸಿ ಮೇಲೆ ಆಲೂಗಡ್ಡೆಯ ಸಣ್ಣ ಉಂಡೆ ಜೋಡಿಸಿ ಬೇಯಿಸಿದ ಹಾಟ್‌ಡಿಶ್. ಗುರುವಾರ ಕತ್ತಲಾಗುವುದರೊಳಗೆ ಒಂಬತ್ತು ಮನೆಯಿಂದ ಒಂಬತ್ತು ಹಾಟ್‌ಡಿಶ್ ಬಂದವು.

“ಧೈರ್ಯವಾಗಿರು ಮಾರ್ಲಿಸ್,” ಎಂದು ಆರ್ಡಿಸಮ್ಮ ಬಾಗಿಲಲ್ಲಿ ಪಿಸುಗುಟ್ಟಿದರು. “ನಮ್ಮ ಯಜಮಾನ್ರೂ ಕೊನೇ ದಿನಗಳಲ್ಲಿ ಹೀಗೇ ನಟ್ಟು ಬೋಲ್ಟು ಕೂಡಿಡ್ತಿದ್ರು.”

“ಇವರಿಗೇನೂ ಆಗಿಲ್ಲ ಆರ್ಡಿಸಮ್ಮ. ಫರ್ನೇಸು ಆರಿಸ್ತಿದಾರೆ ಅಷ್ಟೇ.”

“ಅಯ್ಯೋ!” ಆರ್ಡಿಸಮ್ಮ ಎದೆ ಮುಟ್ಟಿಕೊಂಡರು. “ಅವರೇನಾ?”

ಶುಕ್ರವಾರ ಎಂಟು ಗಂಟೆಗೆ ಸರಿಯಾಗಿ ಲಾರಿ ಬಂತು. ಇಬ್ಬರು ಆಳುಗಳು ಒಂದು ಮರದ ಪೆಟ್ಟಿಗೆಯನ್ನು ಅಂಗಳಕ್ಕೆ ಇಳಿಸಿದರು. ಅದರೊಳಗೆ ಚಕ್ರವರ್ತಿ ಇದ್ದ. ಒಂದು ಸಣ್ಣ ಕುದುರೆಯನ್ನು ನಿಲ್ಲಿಸಿ ಕಳಿಸಬಹುದಾದಷ್ಟು ದೊಡ್ಡ ಪೆಟ್ಟಿಗೆ. ಬೀದಿಯ ಜನ ತಮ್ಮ ತಮ್ಮ ಅಂಗಳದಲ್ಲಿ ಹಿಮ ಗೋರುವ ನೆಪದಲ್ಲಿ ಹೊರಬಂದರು. ಹಿಮ ಬಿದ್ದು ಐದು ದಿನವಾಗಿತ್ತು. ಎಲ್ಲರೂ ಒಣ ಸಿಮೆಂಟನ್ನು ಗೋರಿದರು.

ವರ್ಲಿನ್ ಮಾವನೂ ಬಂದು ಪೆಟ್ಟಿಗೆಗೆ ಎರಡು ಸುತ್ತು ಬಂದರು. ಮುಖ ಅರಳಿತು. “ಭೇಷ್! ಫರ್ನೇಸು ಅಂದ್ರೆ ಇದು! ಯಾರೋ ಅರವತ್ತು ಸಾವಿರದ್ದು ಅಂತಿದ್ರು. ಅದನ್ನ ಕೋಳಿಗೂಡಿಗೆ ಹಾಕ್ಬೇಕು. ಯಾರಯ್ಯಾ ನೀನು?”

“ವಿನ್ಸ್, ಸರ್.”

“ವಿನ್ಸ್, ನೀನು ಗಂಡಸು. ಇಳಿಸು ಕೆಳಗೆ!”

ಆಳುಗಳು ಪೆಟ್ಟಿಗೆಗೆ ಕೈ ಹಾಕಿದರು. ಅಮ್ಮ ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪ ಅಂಗಳದ ಮಧ್ಯೆ ಬಸ್ಸಿನ ಕೋಟು ತೊಟ್ಟು ನಿಂತಿದ್ದರು. ಅವರ ಬಾಯಿ ‘ನೋಡೋ...’ ಎಂದು ತೆರೆದದ್ದು ನನಗೆ ಕಂಡಿತು. ಅಮ್ಮ ಒಳಗೆ ಹೋಗಲು ತಿರುಗಿದಳು.

“ಬೇಡ,” ಎಂದರು ಅಪ್ಪ.

ಬೀದಿ ಹಾಯಾಗಿತ್ತು. ಮೊದಲ ಬೇಡ, ಮರ್ಯಾದೆ. ಮಾವ ನಕ್ಕರು. “ಇರ್ಲಿ ಬಿಡಯ್ಯಾ, ಸಂಕೋಚ ಯಾಕೆ? ಇಳಿಸ್ರಪ್ಪಾ!”

“ಬೇಡ.”

ಎರಡನೆಯದು, ಸಂಸ್ಕಾರ. ಆರ್ಡಿಸಮ್ಮ ಮೆಚ್ಚುಗೆಯಿಂದ ತಲೆಯಾಡಿಸಿದರು. ಮಾವ ಎಂದೂ ಯಾರನ್ನೂ ಕೇಳದವರು, ಬೀದಿಯೆಲ್ಲ ನೋಡುತ್ತಿದೆಯೆಂದೋ ಏನೋ, ಔದಾರ್ಯದಿಂದ ಮೂರನೆಯ ಸಲ ಕೇಳಿದರು. “ಕೊನೇ ಸಲ ಕೇಳ್ತಿದೀನಿ ಆರ್ಲಿನ್. ಇಳಿಸೋಣ್ವಾ?”

“ಬೇಡ!”

ಗೋರುವ ಸದ್ದೆಲ್ಲ ಒಮ್ಮೆಗೇ ನಿಂತಿತು. ಮೂರನೆಯ ಬೇಡವನ್ನು ಸ್ಕೊಗ್ಲಿ ಊರು ಅದುವರೆಗೆ ಕೇಳಿರಲಿಲ್ಲ. ಕೇಳಿದ ಮೇಲೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಯಾರದೋ ಸಲಿಕೆ ಕೈಜಾರಿ ಸಿಮೆಂಟಿನ ಮೇಲೆ ಬಿತ್ತು. ಆರ್ಡಿಸಮ್ಮ ಆಸರೆಗೆ ಅಂಚೆಪೆಟ್ಟಿಗೆ ಹಿಡಿದುಕೊಂಡರು. ಮಾವನ ಬಾಯಿಂದ ಹೊಗೆಯಂತೆ ಬರೀ ಉಸಿರು ಬಂತು.

ಅಪ್ಪ ಅಪರಾಧಿಯಂತೆ ವಿನ್ಸ್‌ನತ್ತ ತಿರುಗಿದರು. ಅವನು ಅಳಬಹುದೆಂದು ಅವರಿಗೆ ಭಯವಿತ್ತು.

“ಬೇಡ್ವಾ?” ಎಂದ ವಿನ್ಸ್.

“ಬೇಡ.”

“ಅಷ್ಟೇ ತಾನೇ?” ಅವನ ಮುಖದಲ್ಲಿ ಬಹುದಿನದ ಕಾಯಿಲೆ ವಾಸಿಯಾದ ಕಳೆ ಬಂತು. “ಮೊದಲೇ ಹೇಳ್ಬಾರ್ದಾ ಸರ್! ಎಂಟು ತಿಂಗಳಾಯ್ತು ನಾನಿಲ್ಲಿಗೆ ಬಂದು. ಒಬ್ಬರಾದ್ರೂ ಹೀಗೆ ಖಡಾಖಂಡಿತ ಬೇಡ ಅಂದಿಲ್ಲ, ಒಬ್ಬರೂ ತಗೊಂಡಿಲ್ಲ. ನಾನೇ ಹುಚ್ಚನಾದ್ನೇನೋ ಅಂದ್ಕೊಂಡಿದ್ದೆ! ಕೈ ಕೊಡಿ ಸರ್!” ಎಂದು ಅಪ್ಪನ ಕೈಯನ್ನು ಪಂಪಿನಂತೆ ಆಡಿಸಿದ.

ಒಂದು ಸಲ ಬಾಗಿಲು ತೆರೆದ ಮೇಲೆ ಅಪ್ಪನನ್ನು ತಡೆಯುವವರಿರಲಿಲ್ಲ. “ಇಷ್ಟು ದೊಡ್ಡದು ಬೇಕಾಗಿರೋದು ಮನೆಗಲ್ಲ, ಚರ್ಚಿನ ಊಟದ ಹಾಲ್‌ಗೆ,” ಎಂದು ಆರ್ಡಿಸಮ್ಮನತ್ತ ಬೆರಳು ತೋರಿಸಿದರು. “ಸಮಿತಿಗೆ ಅವರೇ ಅಧ್ಯಕ್ಷರು. ಎರಡು ವರ್ಷದಿಂದ ನೋಡೋಣ ನೋಡ...”

ವಿನ್ಸ್ ಅವರತ್ತ ಧಾವಿಸಿದ. “ಮೇಡಂ, ಚಕ್ರವರ್ತಿ ಬೇಕಾ?”

“ಅಯ್ಯೋ, ಬೇಡಪ್ಪಾ,” ಎಂದರು ಆರ್ಡಿಸಮ್ಮ, ಪೆಟ್ಟಿಗೆಯನ್ನು ಆಸೆಯಿಂದ ನೋಡುತ್ತಾ.

“ಸರಿ,” ಎಂದು ವಿನ್ಸ್ ಲಾರಿಯ ಕಡೆ ಹೊರಟ.

“ವಿನ್ಸ್!” ಅಪ್ಪ ಬೀದಿಯಿಡೀ ಕೇಳುವಂತೆ ಕೂಗಿದರು. “ಇನ್ನೆರಡು ಸಲ ಕೇಳಿ!”

ಹಿಟ್ಟಿನ ಡಬ್ಬಿಯಿಂದ ಫೋನು ತೆಗೆದು, ಊದಿ, ಅಪ್ಪ ಬೆರಿಟ್‌ಗೆ ಕರೆ ಮಾಡಿದಾಗ ಒಂಬತ್ತೂ ಆಗಿರಲಿಲ್ಲ. ‘ಚಳಿ ಇದೆ ಅಲ್ವಾ’ ಎಂದೂ ಕೇಳಲಿಲ್ಲ.

“ಬೆರಿಟ್, ಅರವತ್ತು ಸಾವಿರದ್ದು. ನನಗೆ ಬೇಕು. ಇವತ್ತೇ ಬೇಕು.”

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು ಕೇಳಿಸಿತು.

“ಬುಧವಾರದಿಂದ ವ್ಯಾನಲ್ಲೇ ಇಟ್ಕೊಂಡು ಓಡಾಡ್ತಿದೀನಿ, ಆರ್ಲಿನಣ್ಣ. ದಿನಾ ನಿಮ್ಮನೆ ಮುಂದೆ ನಾಲ್ಕು ಸಲ ಹೋಗ್ತೀನಿ. ಅಂಗಡೀಲಿ ಕೇಳೋಕೆ ನಾಲಿಗೆ ಏಳ್ಲಿಲ್ಲ, ನೀವು ಹೊರಗೆ ಕಂಡ್ರೆ ಇನ್ನೊಂದು ಸಲ ಕೇಳೋಣ ಅಂತ.”

“ನಾನು ಹೊರಗೆ ಸಿಗೋದು ಹೇಗಮ್ಮ? ನಿನ್ನ ಅಂಗಡೀಲಿ ಇರ್ತಿದ್ದೆ.”

ಹತ್ತು ನಿಮಿಷದಲ್ಲಿ ಬೆರಿಟ್ ಬಂದಳು. ಹಳೆಯ ಯಂತ್ರವನ್ನು ತುಂಡುತುಂಡಾಗಿ ಮೇಲೆ ಸಾಗಿಸಿದಳು. ಅದು ನಿಂತಿದ್ದ ಜಾಗದ ಕಾಲು ಭಾಗದಲ್ಲಿ ಹೊಸದು ಕೂತಿತು. ಗೋಡೆಗೊಂದು ತೂತು ಕೊರೆದು ಹೊಗೆಗೆ ಬಿಳಿ ಕೊಳವೆ ಹಾಕಿದಳು. ನಾಲ್ಕು ಗಂಟೆಗೆ ತಪಾಸಣೆಯವರು ಬಂದು, ಮೂಗಿನ ಉಪಕರಣದಿಂದ ಮೂಸಿ, ಗ್ಯಾಸ್ ಬಿಟ್ಟು, ಟೋಪಿಯನ್ನು ತಲೆಯ ಮೇಲೇ ಇಟ್ಟುಕೊಂಡು ಹೋದರು. ಬೆರಿಟ್ ಗುಂಡಿ ಒತ್ತಿದಳು. ನಾವೆಲ್ಲ ಅಭ್ಯಾಸಬಲದಿಂದ ಕಿವಿ ಮುಚ್ಚಿಕೊಂಡೆವು.

ಏನೂ ಕೇಳಿಸಲಿಲ್ಲ.

“ಕೆಟ್ಟಿದೆಯಾ?” ಎಂದರು ಅಪ್ಪ, ಜೀವ ಹೋದವರಂತೆ.

“ಉರೀತಿದೆ,” ಎಂದಳು ಬೆರಿಟ್. ಅಮ್ಮ ಬಿಸಿಗಾಳಿ ಬರುವ ನೆಲದ ಜಾಲರಿಯ ಮೇಲೆ ಬರಿಗಾಲಿಟ್ಟು ನಿಂತಳು. ನಿಂತೇ ಇದ್ದಳು. ಆಮೇಲೆ ಅಪ್ಪನನ್ನು ಹೆಸರು ಹಿಡಿದು ಕರೆದಳು. ಪಕ್ಕಕ್ಕೆ ಸರಿದು ಜಾಲರಿಯ ಮೇಲೆ ಅರ್ಧ ಜಾಗ ಬಿಟ್ಟಳು.

ಶನಿವಾರ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ ಬಂತು. ವರ್ಲಿನ್ ಮಾವನೂ ಬಂದರು. ನಮ್ಮನ್ನು ಕರೆದೊಯ್ಯಲು ಟ್ರಕ್ಕನ್ನು ಚಾಲೂ ಇಟ್ಟೇ ಬಂದಿದ್ದರು.

“ಹಚ್ಚಿಲ್ವಾ ಇನ್ನೂ?”

“ಹಚ್ಚಿದೆ ಭಾವ.”

“ಸದ್ದೇ ಇಲ್ಲ.”

“ಇಲ್ಲ.”

ಮಾವ ನಂಬದೆ ಟೋಪಿ ತೆಗೆದು ಕೂತರು. ಸ್ವಲ್ಪ ಹೊತ್ತಿಗೆ ಕೋಟು ತೆಗೆದರು. ಇನ್ನೂ ಸ್ವಲ್ಪ ಹೊತ್ತಿಗೆ ಹೊರಗೆ ಹೋಗಿ ಟ್ರಕ್ಕು ಆರಿಸಿ ಬಂದರು. ಈ ಸಲ ಬೂಟು ಬಾಗಿಲಲ್ಲೇ ಕಳಚಿದರು. ಮೂಲೆಯ ಕೋಣೆಗೆ ಹೋದರು, ಅಲ್ಲಿ ಚಳಿಯನ್ನು ಹುಡುಕಿದರು, ಸಿಗಲಿಲ್ಲ, ವಾಪಸು ಬಂದರು. ಸ್ವೆಟರು ತೆಗೆದು, ಮಡಿಸಿ, ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಮಾತಿಲ್ಲದೆ ಕೂತರು. ಮಾವ ಒಂದು ಗಂಟೆ ಸುಮ್ಮನಿದ್ದದ್ದನ್ನು ಕಂಡವರು ನಾವು ಮೂವರೇ.

“ಆರ್ಲಿನ್,” ಎಂದರು ಕೊನೆಗೆ, ಕೆಮ್ಮಿ. “ಆ ಲೊಕೆನ್ ಹುಡುಗಿ... ಬೇರೆಯವರ ಮನೆ ಕಿಟಕೀನೂ ಎಣಿಸ್ತಾಳೇನು?”

“ಎಣಿಸ್ತಾಳೆ.”

“ಅಲ್ಲ, ಸುಮ್ನೆ ಕೇಳಿದೆ. ನಿಮ್ಮತ್ತಿಗೆಗೆ ಆ ಸ್ವೆಟರ್ ಹಾಕಿ ತೆಗೆದು ಭುಜ ನೋವು ಬಂದಿದೆ. ನಮ್ಮನೆಗೆ ಎಷ್ಟು ಸಾವಿರದ್ದು ಬೇಕಾಗಬಹುದು? ನೀನೇ ಒಂದು ಹೇಳು. ನೀನು ಹೇಳಿದ್ದೇ ಹಾಕಿಸ್ತೀನಿ.”

ಅಪ್ಪ ಆತುರಪಡಲಿಲ್ಲ. ಸೂರು ನೋಡಿದರು. ಬೆರಳು ಮಡಿಸಿ ಮಾವನ ಮನೆಯ ಕಿಟಕಿಗಳನ್ನು ನೆನಪಿನಿಂದಲೇ ಎಣಿಸಿದರು. ಕಿವಿಯ ಹಿಂದೆ ಪೆನ್ಸಿಲ್ ಇಲ್ಲದಿದ್ದುದೊಂದೇ ಕೊರತೆ.

“ಐವತ್ತೈದು,” ಎಂದರು.

ಮಾವ ತೊಡೆಯ ಮೇಲಿನ ಸ್ವೆಟರನ್ನು ಇನ್ನೊಂದು ಸಲ ಮಡಿಸಿದರು. “ನಿನ್ನದಕ್ಕಿಂತ ಐದು ಕಡಿಮೇನಾ?”

“ಹೂಂ ಭಾವ,” ಎಂದರು ಅಪ್ಪ, ಅತ್ಯಂತ ಮೃದುವಾಗಿ. “ನಿಮ್ಮ ಮನೆ ಚಿಕ್ಕದಲ್ವಾ?”

ಅಮ್ಮ ಧಡಕ್ಕನೆ ಎದ್ದು ಅಡುಗೆಮನೆಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಆದರೂ ಅವಳು ನಗುತ್ತಿದ್ದುದು ಮುಂದಿನ ಕೋಣೆಯವರೆಗೂ ಚೆನ್ನಾಗಿ ಕೇಳಿಸಿತು. ಅದನ್ನು ಮುಚ್ಚಲು ಮನೆಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ.